ಇನ್ನೂರ ಹನ್ನೆರಡನೇ ಹೆಸರು

2004ರ ಮಾರ್ಚ್ 15, ಸೋಮವಾರ. ಬೆಳಗ್ಗೆ 10.40ಕ್ಕೆ ಭದ್ರಾವತಿಯ ಹಾರ್ಡ್‌ವೇರ್ ವ್ಯಾಪಾರಿ ಷಡಕ್ಷರಪ್ಪ ಶಿವಮೊಗ್ಗದ ಠಾಣೆಗೆ ಬಂದು ದೂರು ಕೊಟ್ಟರು. ನಾಲ್ಕು ತಿಂಗಳ ಹಿಂದೆ ಮಾಚೇನಹಳ್ಳಿ ಬಳಿ ಲಾರಿಗೆ ಸಿಕ್ಕಿ ಸತ್ತ ಅವರ ಮಗಳು ಶೀತಲ್, ದಿನಾ ಸಂಜೆ ನಾಲ್ಕಕ್ಕೆ ಇಂಟರ್‌ನೆಟ್‌ನಲ್ಲಿ ಬರೆಯುತ್ತಿದ್ದಾಳೆ ಎಂಬುದು ದೂರು.

ಇನ್‌ಸ್ಪೆಕ್ಟರ್ ನಾಗಯ್ಯ ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಸತ್ತೋರು ಬರೆಯೋ ಹಾಗಿದ್ರೆ ನನ್ನ ಕೊಲೆ ಕೇಸೆಲ್ಲ ಇಷ್ಟೊತ್ತಿಗೆ ಮುಗಿದಿರ್ತಿತ್ತು."

"ನನ್ನ ತಲೆ ಕೆಟ್ಟಿಲ್ಲ ಸಾರ್. ನನ್ನ ಹೆಂಡತೀದು ಕೆಡ್ತಿದೆ. ಮೂರೂವರೆ ಆದ್ರೆ ಸೈಬರ್ ಕೆಫೆಗೆ ಹೋಗಿ ಕೂತ್ಕೋತಾಳೆ. ನಿನ್ನೆ ಊಟಕ್ಕೆ ಮಗಳಿಗೂ ತಟ್ಟೆ ಹಾಕಿದ್ಲು. ಇದನ್ನ ನಿಲ್ಲಿಸ್ದೆ ಇದ್ರೆ ಅವಳೂ ಹೋಗ್ತಾಳೆ."

ಆತ ತಂದಿದ್ದ ಪ್ರಿಂಟಿನಲ್ಲಿ ಒಂದೇ ಸಾಲಿತ್ತು: ಅಮ್ಮಾ, ಮಾತ್ರೆ ತಗೊಂಡ್ಯಾ? ಬಿಸಿಲಿಗೆ ಹೋಗ್ಬೇಡ. ಹೆಡ್ ಕಾನ್‌ಸ್ಟೇಬಲ್ ಶಿವಪ್ರಸಾದ್ ಓದಿ, ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟ.

ಇನ್ನೊಬ್ಬರ ಹೆಸರಿನಲ್ಲಿ ವಂಚನೆ, ಕಲಂ 419. ಎಫ್‌ಐಆರ್ ದಾಖಲಾಯಿತು.

ಆ ಪುಟ ಇದ್ದದ್ದು ಶೀತಲ್ ಕಲಿಯುತ್ತಿದ್ದ ಶಿವಮೊಗ್ಗದ ಕಂಪ್ಯೂಟರ್ ತರಬೇತಿ ಕೇಂದ್ರದ ವೆಬ್ ವಿಳಾಸದಲ್ಲಿ. ಮಧ್ಯಾಹ್ನ 2.15ಕ್ಕೆ ನಾಗಯ್ಯ, ಶಿವಪ್ರಸಾದ್ ಇಬ್ಬರೂ ಅಲ್ಲಿಗೆ ಹೋದರು. ಮಾಲೀಕ ಲಕ್ಷ್ಮೀಕಾಂತ ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿದ. ಅದೇ ಸರ್ವರ್. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಪುಟಗಳು ಅದೊಂದರಲ್ಲೇ ಇದ್ದವು. ಕೇಂದ್ರದ ವಿಳಾಸದ ಮುಂದೆ ಪ್ರತಿಯೊಬ್ಬರದೂ ಅವರವರ ಹೆಸರು. ಆ ಹೆಸರನ್ನು ಹೊರಗಿನವರು ಸೇರಿಸಲಾಗದು, ಇಲ್ಲೇ ಕೂತು ಸೇರಿಸಬೇಕು. ಶೀತಲ್ ಹೆಸರನ್ನು ಡಿಸೆಂಬರ್‌ನಲ್ಲೇ ತೆಗೆದಿದ್ದೇವೆ ಎಂದು ಆತ ಆಣೆ ಮಾಡಿದ.

"ಹಂಗಾದ್ರೆ ಮತ್ತೆ ಸೇರಿಸಿದ್ಯಾರು? ಆ ಕೆಲಸ ಎಷ್ಟು ಜನಕ್ಕೆ ಬರುತ್ತೆ?" ಅಂದರು ನಾಗಯ್ಯ.

"ಇಬ್ಬರಿಗೆ. ನನಗೆ, ಸಿದ್ದುಗೆ."

ಮಲವಗೊಪ್ಪದ ಸಿದ್ದು, ವಯಸ್ಸು ಇಪ್ಪತ್ತಾರು, ಸರ್ವರ್ ನೋಡಿಕೊಳ್ಳುವವನು. ಗೋಡೆಗೆ ಒರಗಿ ನಿಂತಿದ್ದ.

ಹೆಸರು ಕೊಟ್ಟದ್ದಕ್ಕೆ ಲೆಕ್ಕ ಇದೆಯೇ ಎಂದು ನಾಗಯ್ಯ ಕೇಳಿದರು. ಲಕ್ಷ್ಮೀಕಾಂತ ರಿಜಿಸ್ಟರ್ ತಂದ. ಪುಸ್ತಕದಲ್ಲಿ ಬರೆಯದೆ ಯಾರಿಗೂ ಹೆಸರು ಕೊಡಬಾರದೆಂಬುದು ಅವನದೇ ನಿಯಮ. ಕೊನೆಯ ಪುಟದಲ್ಲಿ ಕ್ರಮ ಸಂಖ್ಯೆ 212: ಶೀತಲ್, 2-2-2004. ಹೆಸರು ಕೊಟ್ಟವರ ಸಹಿ, ಸಿದ್ದು. ಅರ್ಜಿದಾರರ ಸಹಿ, ನಡುಗುವ ಅಕ್ಷರದಲ್ಲಿ, ಸುಭದ್ರಮ್ಮ. ಷಡಕ್ಷರಪ್ಪನವರ ಹೆಂಡತಿ.

ನಾಗಯ್ಯನವರ ಸಿಟ್ಟು ನೆತ್ತಿಗೇರಿತು. "ಕಳ್ಳ ಕೆಲಸಕ್ಕೂ ಸೈನ್ ಹಾಕ್ತೀಯೇನೋ?"

"ರಿಜಿಸ್ಟರ್‌ನಲ್ಲಿ ಹಾಕ್ಲೇಬೇಕು ಸಾರ್."

ಅಕ್ಕಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಬರೆದರು. ಸರ್ವರ್‌ನ ತಂತಿ ಕಿತ್ತಾಗ 3.50. ಬಟ್ಟೆ ಸುತ್ತಿ ಅರಗಿನ ಮೊಹರು ಹಾಕಿದರು. 4.20ಕ್ಕೆ ಸಿದ್ದುವಿನ ಬಂಧನವಾಯಿತು.

ಅವನ ಹೇಳಿಕೆ ಒಂದೂವರೆ ಪುಟ. ಫೀಸು ನಿಂತವರ ಪುಟಗಳನ್ನು ಡಿಸೆಂಬರ್‌ನಲ್ಲಿ ಅಳಿಸುವಾಗ ಶೀತಲ್‌ಳದನ್ನೂ ಅವನೇ ಅಳಿಸಿದ್ದ. ಅವಳು ಸತ್ತದ್ದು ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ತಾಯಿ ಬಂದು, ಮಗಳು ಬರೆದದ್ದನ್ನು ಒಮ್ಮೆ ತೋರಿಸು ಅಂದರು. ನಕಲು ಎಲ್ಲೂ ಇರಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಸಹಿ ಹಾಕಿಸಿಕೊಂಡು, ಹೆಸರು ಮತ್ತೆ ಸೇರಿಸಿ, ಅವಳು ಬರೆದಿದ್ದರಲ್ಲಿ ನೆನಪಿದ್ದಷ್ಟನ್ನು ಬರೆದ. ಮರುದಿನ ಇನ್ನೂ ಇದೆಯಾ ಎಂದು ಅವರು ಫೋನ್ ಮಾಡಿದರು. ನೆನಪು ಮುಗಿದಿತ್ತು, ಆಮೇಲೆ ದಿನಾ ತಾನೇ ಕಟ್ಟಿ ಬರೆದ. ಬರೆಯುವುದನ್ನು ನಿಲ್ಲಿಸಿದರೆ ಅವಳನ್ನು ಎರಡನೇ ಸಲ ಅಳಿಸಿದಂತೆ ಅನ್ನಿಸಿತು ಎಂಬಲ್ಲಿಗೆ ಹೇಳಿಕೆ ನಿಂತಿದೆ. ಜಾಮೀನು ಸಿಗುವ ಕಲಂ, ಎರಡು ದಿನದಲ್ಲಿ ಹೊರಬಂದ.

ಮಂಗಳವಾರ ಮೂರೂವರೆಗೆ ಸುಭದ್ರಮ್ಮ ಠಾಣೆಗೆ ಬಂದರು. ಜಪ್ತಿ ಮಾಲಿನ ಕೋಣೆ ಯಾವುದೆಂದು ಕೇಳಿ, ಅದರ ಎದುರು ಅಂಗಳದ ಬಿಸಿಲಲ್ಲಿದ್ದ ಬೆಂಚಿನಲ್ಲಿ ಕೂತರು.

"ಅಲ್ಲಿರೋದು ಬರೀ ಪೆಟ್ಟಿಗೆ ಅಮ್ಮಾ," ಅಂದ ಶಿವಪ್ರಸಾದ್. "ಬರೀತಿದ್ದೋನು ಆ ಸಿದ್ದು."

"ಗೊತ್ತು ಕಣಪ್ಪ. ಮೊದಲ ವಾರಾನೇ ಗೊತ್ತಾಯ್ತು. ನಮ್ಮ ಶೀತಲ್ ಯಾವತ್ತಾದ್ರೂ ನನ್ನ ಮಾತ್ರೆ ವಿಚಾರಿಸಿದ್ಲಾ?"

ನಾಲ್ಕು ಗಂಟೆಯಾಯಿತು. ಬೀಗ ಹಾಕಿದ ಬಾಗಿಲನ್ನು ಐದು ನಿಮಿಷ ನೋಡಿ ಎದ್ದು ಹೋದರು. ಬುಧವಾರವೂ ಬಂದರು.

ಗುರುವಾರ ಮಧ್ಯಾಹ್ನ ಊಟ ಮುಗಿಸಿದ ನಾಗಯ್ಯ ಆ ಬೆಂಚನ್ನು ನೆರಳಿಗೆ ಎಳೆಸಿದರು. ಕೇಸ್ ಡೈರಿಯಲ್ಲಿ ಅದನ್ನು ಬರೆಯಲಿಲ್ಲ.