ನದಿ ದಾಟುವ ಮೊದಲು

ಬಿಳಿ ಕಾರು ನೇರ ನನ್ನ ಬೈಕಿನ ಮೇಲೇ ಬಂತು!

ಎಡಕ್ಕೆ ಕಾಲುವೆ. ಬಲಕ್ಕೆ ನೀರು ತುಂಬಿದ ಗದ್ದೆ.

ಬಲಕ್ಕೆ ಹಾರಿದೆ.

ಬೈಕು ಒಂದು ಕಡೆ, ನಾನು ಒಂದು ಕಡೆ... ಬಾಯಿ ತುಂಬ ಕೆಸರು. ತಲೆ ಎತ್ತಿ ನೋಡುತ್ತೇನೆ, ಗೊರೇಬಾಳದ ಆ ಕಿರಿದಾರಿಯಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬರುತ್ತಿದೆ. ಕಾರು ಕಿರುಚಿ ನಿಂತಿತು. ನಾನು ಹುಡುಕುತ್ತಿದ್ದ ಏಜೆಂಟ್ ಬಸವಲಿಂಗ ಬಾಗಿಲು ತೆರೆದು ಓಡಿದ.

ನಾನೂ ಓಡಿದೆ. ನನ್ನ ಐವತ್ತೊಂದು ವರ್ಷದ ಮಂಡಿಗಳು ನನ್ನನ್ನೇ ಬೈದವು.

ಕಾಲುವೆ ದಂಡೆಯ ಮೇಲೆ ಅವನ ಕಾಲರ್ ಕೈಗೆ ಸಿಕ್ಕಿತು. ಅಷ್ಟರಲ್ಲಿ ಅವನು ತನ್ನ ಫೋನನ್ನು ನೀರಿಗೆ ಎಸೆದಿದ್ದ!

"ಈಗ ಏನ್ ಮಾಡ್ತೀರಿ, ಸಾಹೇಬ್ರ?"

ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಲಿಂಗಸುಗೂರಿನ ಪಿಎಸ್‌ಐ ಹುಸೇನಪ್ಪ ಅಂದರೆ ಕೈ ಮೊದಲು, ಪ್ರಶ್ನೆ ಆಮೇಲೆ. ಇಪ್ಪತ್ತಾರು ವರ್ಷ ಹಾಗೇ ನಡೆದಿತ್ತು.

ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಕ್ಯಾಪ್ಟನ್ ಮಾಲೈ!

ಥಾಯ್ಲೆಂಡಿನ ಗಡಿಯ ಪಟ್ಟಣವೊಂದರ ಪೊಲೀಸ್ ಅಧಿಕಾರಿ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವಳು ತನ್ನ ಭಾಷೆಯಲ್ಲಿ ಬರೆಯುತ್ತಾಳೆ, ನನ್ನ ಫೋನು ಅದನ್ನು ಕನ್ನಡ ಮಾಡುತ್ತದೆ.

ನಮ್ಮಿಬ್ಬರನ್ನು ಕೂಡಿಸಿದ್ದು ನಗ್ಮಾ. ಮಸ್ಕಿಯಲ್ಲಿ ಬಟ್ಟೆ ಹೊಲಿಯುವ ಗುಲ್ಷನ್‌ಬೀಯ ಒಬ್ಬಳೇ ಮಗಳು. ಬ್ಯಾಂಕಾಕಿನಲ್ಲಿ ಆಫೀಸ್ ಕೆಲಸ ಎಂದು ಬಸವಲಿಂಗ ಕಳಿಸಿದ್ದ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕಿದರು. ಅವಳಿಂದ ಬಂದದ್ದು ಒಂದೇ ವಾಯ್ಸ್ ಮೆಸೇಜ್.

"ಅಮ್ಮೀ... ನದಿ ಆ ಕಡೆ ಒಯ್ತಾರಂತ..."

ನದಿಯ ಆ ಕಡೆ ಬೇರೆ ದೇಶ. ಅಲ್ಲಿ ಆನ್‌ಲೈನ್ ವಂಚಕರ ಕೋಟೆಗಳು. ದಿನವಿಡೀ ಕೂತು ಜನರಿಗೆ ಫೋನಿನಲ್ಲಿ ಮೋಸ ಮಾಡಬೇಕು. ಮಾಡದಿದ್ದರೆ ಕರೆಂಟ್ ಶಾಕ್! ಒಳಗೆ ಹೋದವರು ಹೊರಬರುವುದು ಅಪರೂಪ.

ದೆಹಲಿಯ ಇಂಟರ್‌ಪೋಲ್ ವಿಭಾಗದ ಮೂಲಕ ಅವಳು ಕಾಣೆಯಾದ ನೋಟಿಸ್ ಹೋಯಿತು. ಅದು ಮಾಲೈಯ ಮೇಜಿಗೆ ಬಂತು.

ಈಗ ಮಾಲೈಯ ಮೆಸೇಜ್: "ಇಂದು ಸಂಜೆ ಐದಕ್ಕೆ ದೋಣಿ. ಹುಡುಗಿಯನ್ನು ಇಟ್ಟಿರುವುದು ಯಾವ ಮನೆಯಲ್ಲಿ? ಸಹಿ ಮಾಡಿದ ಹೇಳಿಕೆ, ವಿಡಿಯೊ ಬೇಕು. ಹೊಡೆದು ಬರೆಸಿದ್ದಾದರೆ ನಮ್ಮ ನ್ಯಾಯಾಧೀಶರು ವಾರಂಟ್ ಕೊಡುವುದಿಲ್ಲ."

ಕೈ ಇಳಿಸಿದೆ. ಇಳಿಸುವುದು ಎತ್ತುವುದಕ್ಕಿಂತ ಕಷ್ಟ, ಸ್ವಾಮಿ!

ಹತ್ತಿರದ ಸಿಂಧನೂರು ಠಾಣೆ. ಮಧ್ಯಾಹ್ನ ಹನ್ನೆರಡು. ಅಲ್ಲಿನ ಐದು ಅಂದರೆ ನಮಗೆ ಮೂರೂವರೆ.

ಬಸವಲಿಂಗನಿಗೆ ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಕ್ಯಾಮೆರಾ ಆನ್ ಮಾಡಿದೆ.

ಅವನು ಹೆದರಿದ್ದೇ ಆಗ!

"ಹೊಡಿಯಂಗಿಲ್ಲೇನ್ರೀ?"

"ಇಲ್ಲ."

"ಮತ್ತ?"

"ಕುಂದರ್ತೀನಿ. ನೀ ಹೇಳೋ ಮಟ."

ಹನ್ನೆರಡೂವರೆ... ಒಂದು... ಒಂದೂಕಾಲು.

"ನಿನಗ ಯಾರ ಅಂಜಿಕಿ, ಬಸವಲಿಂಗ? ನಂದಂತೂ ಅಲ್ಲ."

ಅವನು ಉಳಿದ ನೀರು ಕುಡಿದು ಲೋಟ ಕೆಳಗಿಟ್ಟ.

"ನನ್ನ ತಮ್ಮ ಶಿವರಾಜ... ನದಿ ಆ ಕಡೆ ಅದಾನ್ರೀ. ನಾನೂ ಅಲ್ಲೇ ಇದ್ದೆ. ಮಂದಿ ಕಳಿಸಿದ್ರ ತಮ್ಮನ್ನ ಜೀವಂತ ಇಡ್ತೀವಂದು ನನ್ನ ಬಿಟ್ರು. ಬಾಯಿ ಬಿಟ್ರ ಅವನ್ನ ಕೊಲ್ತಾರ!"

ಇಪ್ಪತ್ತಾರು ವರ್ಷ ಎತ್ತಿದಂತೆ ಇವತ್ತೂ ಕೈ ಎತ್ತಿದ್ದರೆ ಈ ಮಾತು ಹೊರಗೆ ಬರುತ್ತಿತ್ತೇ? ಗೊತ್ತಿಲ್ಲ. ಎಷ್ಟು ಜನರ ಎಷ್ಟು ಮಾತು ನನ್ನ ಕೈ ಕೆಳಗೆ ಸತ್ತಿವೆಯೋ, ಅದೂ ಗೊತ್ತಿಲ್ಲ.

"ಅವನ್ನ ತರ್ತೀರೇನ್ರೀ? ಸುಳ್ಳು ಹೇಳಬ್ಯಾಡ್ರಿ."

"ತರ್ತೀನಿ ಅಂತ ಹೇಳಾಕ ನನ್ನ ಕೈಯಾಗ ಇಲ್ಲ. ಅವನ ಹೆಸರಿಲೆ ಇವತ್ತೇ ನೋಟಿಸ್ ಹಾಕಸ್ತೀನಿ. ಹುಡುಕೋದು ಬಿಡಂಗಿಲ್ಲ."

ಅವನು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

"ಪೆನ್ ಕೊಡ್ರಿ."

ನಕ್ಷೆ ಬರೆದ. ಐಸ್ ಫ್ಯಾಕ್ಟರಿ, ಅದರ ಹಿಂದೆ ಹಸಿರು ಗೇಟು, ಮೂರನೇ ಮಹಡಿ. ಹೇಳಿಕೆಗೆ ಸಹಿ ಹಾಕಿದ.

ಎರಡಕ್ಕೆ ಹೇಳಿಕೆ ಬೆಂಗಳೂರಿಗೆ. ಅಲ್ಲಿಂದ ದೆಹಲಿಗೆ. ಎರಡೂ ಮುಕ್ಕಾಲಿಗೆ ಮಾಲೈಯಿಂದ ಒಂದೇ ಪದ: "ಸಿಕ್ಕಿತು."

ಆಮೇಲೆ ಏನೂ ಇಲ್ಲ!

ಮೂರು... ಮೂರೂವರೆ... ನಾಲ್ಕು. ದೋಣಿಯ ಹೊತ್ತು ಮೀರಿತ್ತು. ಸುದ್ದಿ ಕೇಳಿ ಮಸ್ಕಿಯಿಂದ ಬಂದಿದ್ದ ಗುಲ್ಷನ್‌ಬೀ ಬೆಂಚಿನ ಮೇಲೆ ಕೈಯಲ್ಲಿ ದಾರದ ಉಂಡೆ ಹಿಡಿದು ಕೂತಿದ್ದಳು. ನಾನು ಅವಳತ್ತ ನೋಡಲಿಲ್ಲ. ಧೈರ್ಯ ಬರಲಿಲ್ಲ.

ನಾಲ್ಕೂ ಹತ್ತಕ್ಕೆ ವಿಡಿಯೊ ಕಾಲ್ ಬಂತು.

ಪರದೆಯ ಮೇಲೆ ನಗ್ಮಾ! ತುಟಿ ಒಡೆದಿತ್ತು. ಹೆಗಲ ಮೇಲೆ ಯಾರದೋ ಖಾಕಿ ಜಾಕೆಟ್.

"ಅಮ್ಮೀ..."

"ಮೇರಿ ಬಚ್ಚೀ!"

ಫೋನು ತಾಯಿಯ ಕೈಗೇ ಕೊಟ್ಟು ಹೊರಗೆ ಬಂದೆ. ದೋಣಿ ಹತ್ತಿಸುವ ಮೊದಲೇ ಮಾಲೈಯ ಪೊಲೀಸರು ಆ ಮನೆಗೆ ನುಗ್ಗಿದ್ದರು; ಒಟ್ಟು ಹನ್ನೊಂದು ಜನ ಪಾರಾಗಿದ್ದರು. ಅವರಲ್ಲಿ ಶಿವರಾಜ ಇರಲಿಲ್ಲ. ಲಾಕಪ್ಪಿಗೆ ಹೋಗಿ ಬಸವಲಿಂಗನಿಗೆ ನಾನೇ ಹೇಳಿದೆ. ಅವನು ಗೋಡೆಯ ಕಡೆ ತಿರುಗಿದ.

ಅವನ ತಮ್ಮನ ನೋಟಿಸ್ ತುಂಬಿ ಕಳಿಸಿದೆ. ಮರುದಿನ ನನಗೂ ಒಂದು ನೋಟಿಸ್ ಬಂತು! ಅನುಮತಿ ಇಲ್ಲದೆ ಠಾಣೆಯ ಸರಹದ್ದು ದಾಟಿದ್ದೇಕೆಂದು ವಿವರಣೆ ಕೇಳಿದ್ದರು.

ಆದರೆ ಆ ಸಂಜೆ ಲಿಂಗಸುಗೂರಿನ ಕ್ವಾರ್ಟರ್ಸ್ ಬೀಗ ತೆಗೆದಾಗ ಅದೆಲ್ಲ ಇನ್ನೂ ಗೊತ್ತಿರಲಿಲ್ಲ. ಹೆಂಡತಿ ಬಿಟ್ಟು ಹೋಗಿ ನಾಲ್ಕು ವರ್ಷ. ಒಲೆ ತಣ್ಣಗಿತ್ತು.

ಮಾಲೈಯ ಮೆಸೇಜ್ ಬಂತು: "ಊಟ ಆಯಿತೇ?"

ಅವರ ಕಡೆ ಹಾಗೆ ಕೇಳುವುದು ವಾಡಿಕೆಯಂತೆ... ನಮ್ಮ ಕಡೆಯೂ ಅಷ್ಟೇ. ಕೇಳುವವರು ಇರಬೇಕು.

"ಆಯಿತು" ಎಂದು ಬರೆದೆ. ಆ ಪ್ರಕರಣದಲ್ಲಿ ನಾನು ಕೊಟ್ಟ ಸುಳ್ಳು ಹೇಳಿಕೆ ಅದೊಂದೇ!