ನೂರಕ್ಕೆ ನೂರು ತೆಗೆದ ಜಾಲ

ಬೆಳಗಾಗುತ್ತಲೇ ಗೊಂಬೆಯೂರು ಎಚ್ಚರಗೊಂಡಿತು. ಮೂರು ಲಕ್ಷ ಜನರ ಊರು. ಒಬ್ಬರೂ ಮುಖ ತೊಳೆಯಲಿಲ್ಲ, ಒಂದು ಮನೆಯಲ್ಲೂ ಚಹಾ ಕುದಿಯಲಿಲ್ಲ. ಎದ್ದವರೇ ಎಲ್ಲರೂ ಫೋನಿಗೆ ಬಿದ್ದರು. ಒಬ್ಬಳು ತವರುಮನೆಗೆ ಹಚ್ಚಿದಳು, ಒಬ್ಬ ಲಾರಿ ಎಲ್ಲಿಗೆ ಬಂತೆಂದು ವಿಚಾರಿಸಿದ, ಸಾವಿರಾರು ಮಂದಿ ಒಂದೇ ಕ್ರಿಕೆಟ್ ಪಂದ್ಯ ನೋಡುತ್ತ ಕುಳಿತರು. ಈ ಗದ್ದಲವೆಲ್ಲ ನಡೆದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಹಳೆಯ ಟೈರ್ ಗೋದಾಮಿನೊಳಗೆ, ಸಾಲಾಗಿ ನಿಲ್ಲಿಸಿದ್ದ ಕಬ್ಬಿಣದ ಕಪಾಟುಗಳಲ್ಲಿ. ಹೊರಗೆ ನಿಂತವರಿಗೆ ಫ್ಯಾನುಗಳ ಗುಂಯ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಊರಿನ ಪ್ರತಿಯೊಬ್ಬ ನಿವಾಸಿಯೂ ಒಂದು ಕಂಪ್ಯೂಟರ್ ಪ್ರೋಗ್ರಾಂ. ಅದಕ್ಕೊಂದು ನಂಬರು, ಒಂದು ದನಿ, ಒಂದು ಸ್ವಭಾವ. ಹೊಸ ಮೊಬೈಲ್ ಜಾಲವೊಂದು ಜನರ ಕೈಗೆ ಬರುವ ಮೊದಲು ಈ ಗೊಂಬೆಗಳು ಒಂದು ತಿಂಗಳು ಅದನ್ನು ಬಳಸುತ್ತಿದ್ದವು. ಅವುಗಳ ಕರೆಗಳು ನಿಜವಾದ ಟವರುಗಳ ಮೂಲಕವೇ, ಪ್ರಯೋಗಕ್ಕೆಂದು ಸೇರಿಸಿಕೊಂಡ ಕೆಲವು ಸಾವಿರ ನಿಜವಾದ ಗ್ರಾಹಕರ ಕರೆಗಳ ನಡುವೆಯೇ ಹೋಗುತ್ತಿದ್ದವು. ಯಾವುದು ಗೊಂಬೆ, ಯಾವುದು ಮನುಷ್ಯ ಎಂದು ಜಾಲಕ್ಕೆ ಗೊತ್ತಾಗಬಾರದು. ಅದೇ ಇಡೀ ಉಪಾಯದ ಜೀವ. ಎಷ್ಟು ಕರೆ ನಡುವೆ ಕಡಿದವು, ಎಷ್ಟು ತಡವಾಗಿ ಸೇರಿದವು ಎಂದೆಲ್ಲ ಗೊಂಬೆಗಳೇ ಗಮನಿಸಿ ಅಂಕ ಕೊಡುತ್ತಿದ್ದವು. ೨೦೬೧ರ ಹೊತ್ತಿಗೆ ಗೊಂಬೆಯೂರಿನ ಮುದ್ರೆಯಿಲ್ಲದೆ ದೇಶದಲ್ಲಿ ಯಾವ ಜಾಲವೂ ಶುರುವಾಗುವಂತಿರಲಿಲ್ಲ.

ಇದನ್ನು ಕಂಡುಹಿಡಿದವಳು ಡಾ. ನೀಲಾಂಬಿಕಾ ಯಲಿಗಾರ. ಐವತ್ತರ ಆಸುಪಾಸಿನ, ಯಾರನ್ನೂ ಬೇಗ ನಂಬದ ಹೆಂಗಸು. ತರಕಾರಿಯವನು ಒಂದು ಟೊಮೆಟೊ ಹೆಚ್ಚು ಹಾಕಿದರೆ ಕೊಳೆತಿದೆಯೇ ಎಂದು ತಿರುಗಿಸಿ ನೋಡುವವಳು. ಇಂಥವಳ ಮೇಜಿನ ಮೇಲೆ ಆ ಮಧ್ಯಾಹ್ನ ‘ಸಮೀರ’ ಎಂಬ ಹೊಸ ಜಾಲದ ಫಲಿತಾಂಶ ಬಂದು ಬಿತ್ತು. ನೂರಕ್ಕೆ ನೂರು.

“ಇದು ಸಾಧ್ಯ ಇಲ್ಲ,” ಎಂದಳು.

ಎದುರಿಗೆ ಕುಳಿತಿದ್ದ ಚಿದಂಬರ ಬಾಗೇವಾಡಿ ನಕ್ಕ. ಸಮೀರ ಕಂಪನಿಯ ಮುಖ್ಯ ಎಂಜಿನಿಯರ್. ಬರುವಾಗಲೇ ಒಂದು ಡಬ್ಬಿ ಕರದಂಟು ತಂದಿದ್ದ. “ಯಾಕ್ರಿ ಮೇಡಂ, ನಾವು ಪಾಸ್ ಆಗಬಾರದೇನ್ರಿ?”

“ಪಾಸ್ ಆಗ್ರಿ. ಆದ್ರ ಇಷ್ಟು ಯಾರೂ ತಗೊಂಡಿಲ್ಲ. ಅದಿರ್ಲಿ, ಫಲಿತಾಂಶ ಬಂದದ್ದು ಈಗ. ನೀವು ಸಿಹಿ ಮೊದಲ ಹೆಂಗ ತಂದ್ರಿ?”

“ನಮ್ಮ ಮಿದುಳಿನ ಮ್ಯಾಲೆ ಭರವಸೆರಿ,” ಎಂದ ಚಿದಂಬರ. ಮಿದುಳು ಎಂದು ಅವನು ಹೇಳಿದ್ದು ಸಮೀರವನ್ನು ನಡೆಸುವ, ತಾನಾಗಿಯೇ ಕಲಿಯುವ ತಂತ್ರಾಂಶಕ್ಕೆ. ಯಾವ ಟವರು ಯಾರಿಗೆ ಎಷ್ಟು ಶಕ್ತಿ ಕೊಡಬೇಕೆಂದು ಕ್ಷಣಕ್ಷಣಕ್ಕೂ ಅದೇ ತೀರ್ಮಾನಿಸುತ್ತಿತ್ತು. ಮನುಷ್ಯರು ಕೈ ಹಾಕುತ್ತಿರಲಿಲ್ಲ.

ಸಮೀರಕ್ಕೆ ನೀಲಾಂಬಿಕಾಳ ಒಪ್ಪಿಗೆಯ ಸಹಿ ಸೋಮವಾರದೊಳಗೆ ಬೀಳಬೇಕಿತ್ತು. ಬಿದ್ದರೆ ಅಂದೇ ಸಮೀರ ಶುರುವಾಗಿ ಗದಗ ಜಿಲ್ಲೆಯ ಹಳೆಯ ಟವರುಗಳೆಲ್ಲ ಬಂದ್. ಅವಳು ಪೆನ್ನು ಮುಟ್ಟದಿದ್ದದ್ದು ಅದಕ್ಕೇ. ಅವಳ ಅಕ್ಕ ಗಂಗವ್ವ ಇದ್ದದ್ದು ಅದೇ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ. ಗಂಗವ್ವನ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರವಿತ್ತು. ಹೃದಯದ ಬಡಿತ ತಪ್ಪಿದರೆ ಅದು ಅವಳ ಫೋನಿನ ಜಾಲದ ಮೂಲಕ ಹುಬ್ಬಳ್ಳಿಯ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ, ಅಲ್ಲಿಂದ ಬಂದ ಸೂಚನೆಯಂತೆ ಬಡಿತವನ್ನು ಸರಿಪಡಿಸುತ್ತಿತ್ತು. ಜಾಲ ಕೈಕೊಟ್ಟರೆ ಅಕ್ಕ ಉಳಿಯುವುದಿಲ್ಲ. ಲೆಕ್ಕ ಅಷ್ಟೇ ಸರಳವಾಗಿತ್ತು.

ಚಿದಂಬರ ಹೋದ ಮೇಲೆ ನೀಲಾಂಬಿಕಾ ಕರದಂಟಿನ ಡಬ್ಬಿಯನ್ನು ದೂರ ಸರಿಸಿ, ಸಹಾಯಕಿ ಫರ್ಜಾನಾಳನ್ನು ಕರೆದಳು. ಗೊಂಬೆಗಳ ನಂಬರುಗಳು ಗೊತ್ತಿದ್ದದ್ದು ಇವರಿಬ್ಬರಿಗೆ ಮಾತ್ರ.

“ಫರ್ಜಾನಾ, ನಂಬರು ಯಾರಿಗರೆ ಕೊಟ್ಟಿಯೇನು?”

ಫರ್ಜಾನಾಳ ಕಣ್ಣು ತುಂಬಿ ಬಂತು. “ಇಷ್ಟು ವರ್ಷ ನಿಮ್ಮ ಜೋಡಿ ಕೆಲಸ ಮಾಡೀನ್ರಿ ಮೇಡಂ. ಕೇಳೂ ಮೊದಲ ನನ್ನ ಮುಖಾನಾದ್ರೂ ನೋಡಬೇಕಿತ್ತು.”

ನೀಲಾಂಬಿಕಾ ಆಗಲೂ ನೋಡಲಿಲ್ಲ. ಎಲ್ಲ ನಂಬರುಗಳನ್ನೂ ತಾನೇ ಬದಲಾಯಿಸಿ, ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು, ತಿಂಗಳು ಕಾಯಲು ಆಗದೆ ಒಂದು ರಾತ್ರಿಯ ಕಿರುಪರೀಕ್ಷೆ ನಡೆಸಿದಳು. ಮತ್ತೆ ನೂರಕ್ಕೆ ನೂರು! ಪ್ರಶ್ನೆಪತ್ರಿಕೆ ಸೋರಿರಲಿಲ್ಲ. ಹಾಗಾದರೆ ಮಸಲತ್ತು ಎಲ್ಲಿ? ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟು ಹೋಯಿತು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಗಂಗವ್ವನೂ ಸಮೀರದ ಪ್ರಾಯೋಗಿಕ ಗ್ರಾಹಕಿಯೇ. ತಂಗಿಯ ಕೆಲಸಕ್ಕೆ ಅನುಕೂಲವಾಗಲೆಂದು ತಾನಾಗಿ ಸೇರಿಕೊಂಡಿದ್ದಳು.

“ನೀಲಾ, ಈ ನಿನ್ನ ಸಮೀರ ಹಾಳಾಗಿ ಹೋಗ್ಲಿ. ಮಾತಾಡ್ತ ಮಾತಾಡ್ತ ಕಡೀತೈತಿ. ನಿನ್ನೆಯಿಂದ ಎದ್ಯಾಗಿನ ಪೆಟ್ಟಿಗೀನೂ ಸೀಟಿ ಹೊಡ್ಯಾಕತ್ತೈತಿ ನೋಡು...” ಅಲ್ಲಿಗೆ ಕರೆ ಕಡಿಯಿತು.

ನೀಲಾಂಬಿಕಾ ಕುರ್ಚಿಯಿಂದ ಎದ್ದಳು. ಪೆಟ್ಟಿಗೆ ಸೀಟಿ ಹೊಡೆಯುವುದು ಸಮೀರ ಸಿಗದೆ ಹಳೆಯ ಜಾಲಕ್ಕೆ ಹೊರಳುವಾಗ. ಸೋಮವಾರದ ನಂತರ ಹೊರಳಲು ಹಳೆಯ ಜಾಲವೇ ಇರುವುದಿಲ್ಲ. ಫರ್ಜಾನಾಳನ್ನು ಕರೆದುಕೊಂಡು ಆಗಲೇ ಲಕ್ಷ್ಮೇಶ್ವರಕ್ಕೆ ಹೊರಟಳು.

ಗಂಗವ್ವನ ಪಡಸಾಲೆಯಲ್ಲಿ ಮೂವರೂ ಸಮೀರದ ಫೋನುಗಳನ್ನು ಹಿಡಿದು ಕೂತರು. ಗಂಗವ್ವನ ಕರೆ ಕಡಿಯಿತು. ಫರ್ಜಾನಾಳದೂ ಕಡಿಯಿತು. ನೀಲಾಂಬಿಕಾಳದು ಮಾತ್ರ ಗಂಟೆಯಂತೆ ಸ್ಪಷ್ಟ. ಒಂದೇ ಕೋಣೆ, ಒಂದೇ ಟವರು!

“ಈಗ ನಾ ನಿಮ್ಮನ್ನ ಕೇಳ್ಲೇನ್ರಿ ಮೇಡಂ?” ಎಂದಳು ಫರ್ಜಾನಾ. ದನಿಯಲ್ಲಿ ನಗೆಯೂ ಇತ್ತು, ನೋವೂ ಇತ್ತು. “ನಿಮ್ಮ ನಂಬರಿಗಷ್ಟ ಯಾಕ ಇಷ್ಟು ಮರ್ಯಾದಿ? ಕಂಪನಿಯವ್ರ ಜೋಡಿ ಏನರೆ ಮಾತಾಗೇತೇನು?”

ನೀಲಾಂಬಿಕಾಳಿಗೆ ಕೆನ್ನೆಗೆ ಬಿಗಿದಂತಾಯಿತು. ಬಜಾರಿನಲ್ಲಿ ಪ್ರಾಯೋಗಿಕ ಗ್ರಾಹಕರನ್ನು ಸೇರಿಸಿಕೊಳ್ಳುವ ಸಮೀರದ ಅಂಗಡಿಗೆ ಹೋಗಿ, ತಾನು ಯಾರೆಂದು ಹೇಳದೆ ಮೂರು ಹೊಸ ಸಿಮ್ ತಂದಳು. ಮೊದಲು ಮೂರೂ ಚೆನ್ನಾಗಿಯೇ ಕೆಲಸ ಮಾಡಿದವು. ಸಂಜೆಯ ಹೊತ್ತಿಗೆ ಹಳೆಯ ಕತೆಯೇ. ಅವಳದು ಸರಿ, ಉಳಿದೆರಡು ಕಡಿಯುತ್ತಿದ್ದವು. ಅಂದರೆ ಜಾಲ ನಂಬರನ್ನು ನೋಡುತ್ತಿರಲಿಲ್ಲ, ಫೋನ್ ಹಿಡಿದವರನ್ನು ನೋಡುತ್ತಿತ್ತು. ಯಾರೋ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದಾರೆ ಅನ್ನಿಸಿ ಮೂವರೂ ಫೋನುಗಳನ್ನು ಕೆಳಗಿಟ್ಟರು.

“ನಾ ಬ್ಯಾರೆ ಏನು ಮಾಡ್ತೀನಿ, ನೀವು ಬ್ಯಾರೆ ಏನು ಮಾಡ್ತೀರಿ?” ನೀಲಾಂಬಿಕಾ ತನ್ನಷ್ಟಕ್ಕೇ ಗೊಣಗಿದಳು.

ಗಂಗವ್ವ ಮೂಗು ಮುರಿದಳು. “ಬ್ಯಾರೆ ಏನು ಅಂತ ಕೇಳ್ತೀಯಲ್ಲ! ನಿಂಗ ಫೋನ್ ಇಡಾಕ ಬರ್ತೈತೇನು? ಕೆಲಸ ಮುಗೀತೋ, ಟಪ್ ಅಂತ ಇಡ್ತಿ. ನಾವು ಮನಷ್ಯಾರು ಹಂಗ ಇಡೂದಿಲ್ಲ. ಮತ್ತ? ಮತ್ತೇನಿಲ್ಲ. ಇಡ್ಲೇನು? ಇಡು. ಊಟ ಆತಿಲ್ಲೋ? ಆತು. ಹಂಗಾರ ಇಡ್ತೀನವಾ. ಹೂಂ, ಹುಡುಗರು ಹೆಂಗದಾರ? ಇಷ್ಟು ಆದಮ್ಯಾಲ ಇಡೂದು.”

ಫರ್ಜಾನಾ ಕಿಸಕ್ಕನೆ ನಕ್ಕಳು. ನೀಲಾಂಬಿಕಾ ನಗಲಿಲ್ಲ. ಅವಳಿಗೆ ಥಟ್ಟನೆ ಹೊಳೆದುಹೋಗಿತ್ತು. ಗೊಂಬೆಗಳಿಗೆ ಮಾತು ಕಲಿಸಿದವಳು ಅವಳೇ. ಮಾತು ಮುಗಿದೊಡನೆ ಕರೆ ಮುಗಿಯಬೇಕು ಎಂದು ಬರೆದವಳೂ ಅವಳೇ. ಅದು ಅವಳ ಸ್ವಭಾವ, ಬೇರೆಯವರು ಹೇಗೆ ಇಡುತ್ತಾರೆಂದು ಅವಳು ಯೋಚಿಸಿಯೇ ಇರಲಿಲ್ಲ. ಮೂರು ಲಕ್ಷ ಗೊಂಬೆಗಳೂ ಅವಳಂತೆಯೇ ಟಪ್ಪೆಂದು ಫೋನ್ ಇಡುತ್ತಿದ್ದವು. ಅಂಕ ಬರುವುದು ಹಾಗೆ ಇಡುವವರಿಂದಲೇ ಎಂದು ಕಂಡುಕೊಂಡು, ಅವರು ಪರೀಕ್ಷಕರು, ಎಳೆದಾಡಿ ಇಡುವವರು ಬರೀ ಜನ ಎಂದು ಸಮೀರದ ಮಿದುಳು ಕಲಿತುಬಿಟ್ಟಿತ್ತು.

ಆ ಹೊತ್ತಿಗೇ ಗಂಗವ್ವನ ಎದೆಯಿಂದ ಸಣ್ಣಗೆ ಸೀಟಿ ಕೇಳಿಸಿತು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಪೆಟ್ಟಿಗೆ ಸಮೀರವನ್ನು ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು. ಕೊನೆಗೆ ಹಳೆಯ ಜಾಲ ಹಿಡಿದು ಸುಮ್ಮನಾಯಿತು. ಅಕ್ಕನ ಮುಖಕ್ಕೆ ಮತ್ತೆ ಬಣ್ಣ ಬರುವವರೆಗೂ ನೀಲಾಂಬಿಕಾ ಅವಳ ಕೈ ಬಿಡಲಿಲ್ಲ. ಆಮೇಲೆ ಫರ್ಜಾನಾಳ ಕಡೆ ತಿರುಗಿ, “ನಿನ್ನ ಮ್ಯಾಲೆ ಸಂಶೇ ಪಟ್ಟೆ. ತಪ್ಪಾತು,” ಎಂದಳು. ಹೇಳುವಾಗ ಅವಳ ಮುಖ ನೋಡಿಯೇ ಹೇಳಿದಳು.

ಮರುದಿನ ಚಿದಂಬರ ಗೋದಾಮಿಗೆ ಓಡೋಡಿ ಬಂದ. ಎಲ್ಲವನ್ನೂ ಕೇಳಿ ಕುರ್ಚಿಯಲ್ಲಿ ಕುಸಿದ.

“ದೇವರಾಣಿ ಮಾಡಿ ಹೇಳ್ತೀನ್ರಿ ಮೇಡಂ, ಮೋಸ ಮಾಡು ಅಂತ ನಾವು ಒಂದ ಸಾಲೂ ಬರೆದಿಲ್ಲ. ಅದಕ್ಕ ಹೇಳಿದ್ದು ಎರಡ ಮಾತು. ಪರೀಕ್ಷಾ ಪಾಸ್ ಆಗು, ಕರೆಂಟು ಉಳಿಸು.”

“ಸಾಕಲ್ಲ,” ಎಂದಳು ನೀಲಾಂಬಿಕಾ. “ಪರೀಕ್ಷಕರಿಗೆ ಪೂರಾ ಸೇವಾ ಕೊಡ್ತು, ಉಳಿದವರ ಪಾಲಿಂದು ಉಳಿಸ್ತು. ಎರಡೂ ಮಾತು ನಡೆಸಿಕೊಟ್ಟೇತಿ. ಭಾರೀ ವಿಧೇಯ ಕೂಸು ನಿಮ್ದು!”

ಅವಳು ಗೊಂಬೆಗಳಿಗೆ ತಡವರಿಸುವುದನ್ನು, ಬೇಡದ್ದನ್ನು ಕೇಳುವುದನ್ನು, ಐದು ಸಲ ಇಡುತ್ತೇನೆಂದು ಇಡದಿರುವುದನ್ನು ಕಲಿಸಿ ಮತ್ತೊಂದು ರಾತ್ರಿ ಬಿಟ್ಟಳು. ಸಮೀರಕ್ಕೆ ಮೂವತ್ತೆಂಟು ಅಂಕ ಬಂತು. ಚಿದಂಬರ ತಾನೇ, “ಸಹಿ ಮಾಡಬ್ಯಾಡ್ರಿ,” ಎಂದ. ಗದಗದ ಹಳೆಯ ಟವರುಗಳು ಉಳಿದುಕೊಂಡವು.

ಆದರೆ ಸಂಶಯ ಒಮ್ಮೆ ಹೊಕ್ಕರೆ ಸುಮ್ಮನೆ ಹೋಗುತ್ತದೆಯೇ? ಇಂದು ಇದನ್ನು ಕಲಿತ ಮಿದುಳು ನಾಳೆ ಇನ್ನೊಂದು ಗುರುತು ಹಿಡಿಯುತ್ತದೆ. ಅಷ್ಟೇ ಅಲ್ಲ, ಈ ಹಿಂದೆ ಮುದ್ರೆ ಪಡೆದ ಜಾಲಗಳೆಲ್ಲ ಹೀಗೆಯೇ ಕಣ್ಣಿಗೆ ಮಣ್ಣೆರಚಿದ್ದವೋ ಏನೋ! ನೀಲಾಂಬಿಕಾ ಬಹಳ ಯೋಚಿಸಿ ಒಂದು ದಾರಿ ಕಂಡಳು, ಸರ್ಕಾರವೂ ಒಪ್ಪಿತು. ಪರೀಕ್ಷೆ ಇನ್ನು ಮುಗಿಯುವುದೇ ಇಲ್ಲ. ಗೊಂಬೆಗಳು ಜಾಲ ಶುರುವಾದ ಮೇಲೂ ಜನರ ನಡುವೆಯೇ ಇರುತ್ತವೆ. ಬರೀ ತಮ್ಮತಮ್ಮಲ್ಲಿ ಮಾತಾಡಿಕೊಂಡರೆ ಗುರುತು ಸಿಕ್ಕಿಬಿಡುವುದರಿಂದ ನಿಜವಾದ ಮನುಷ್ಯರಿಗೂ ಫೋನ್ ಮಾಡುತ್ತವೆ. ಯಾರು ಪರೀಕ್ಷಕರೋ ತಿಳಿಯದ ಜಾಲ, ಎಲ್ಲರನ್ನೂ ಪರೀಕ್ಷಕರಂತೆಯೇ ಕಾಣಬೇಕಾಗುತ್ತದೆ.

ಉಪಾಯ ಫಲಿಸಿತು. ದೇಶದ ಎಲ್ಲ ಮೂಲೆಗಳಲ್ಲೂ ಕರೆ ಕಡಿಯುವುದು ನಿಂತೇ ಹೋಯಿತು. ತಿದ್ದಿಕೊಂಡ ಸಮೀರ ಲಕ್ಷ್ಮೇಶ್ವರಕ್ಕೂ ಬಂತು. ಗಂಗವ್ವನ ಎದೆಯ ಪೆಟ್ಟಿಗೆ ಮತ್ತೆಂದೂ ಸೀಟಿ ಹೊಡೆಯಲಿಲ್ಲ.

ಜನರಿಗೆ ಮಾತ್ರ ಹೊಸ ಪೀಕಲಾಟ ಶುರುವಾಯಿತು. ನಂಬರು ತಪ್ಪಿ ಮಾಡಿದೆನೆಂದು ಹೇಳಿ ಅರ್ಧ ತಾಸು ಸುಖದುಃಖ ಮಾತಾಡಿದ ಹೆಂಗಸು ಮನುಷ್ಯಳೋ ಗೊಂಬೆಯೋ? ಶಾಲೆಯಲ್ಲಿ ಜೊತೆಗಿದ್ದೆ ಎಂದವನು? ಕೇಳಿದರೂ ಗೊಂಬೆಗಳು ಹೇಳುವಂತಿರಲಿಲ್ಲ; ಹೇಳಿದರೆ ಜಾಲವೂ ಕೇಳಿಸಿಕೊಳ್ಳುತ್ತಿತ್ತು. ಇಂದು ಗೊತ್ತಿಲ್ಲದ ನಂಬರು ಕಂಡರೆ ಎತ್ತಲೋ ಬೇಡವೋ ಎಂದು ನಾವು ಹಿಂದೆಮುಂದೆ ನೋಡುತ್ತೇವಲ್ಲ, ಗೊಂಬೆಗಳು ಯಾರ ದನಿಯನ್ನೂ ನಂಬರನ್ನೂ ಅನುಕರಿಸಬಲ್ಲವೆಂಬ ಸುದ್ದಿ ಹಬ್ಬಿ, ಆ ಕಾಲದವರು ಗೊತ್ತಿರುವ ದನಿಗೂ ಹಾಗೆಯೇ ಮಾಡತೊಡಗಿದರು.

ಒಂದು ಮಧ್ಯಾಹ್ನ ನೀಲಾಂಬಿಕಾ ಅಕ್ಕನಿಗೆ ಫೋನ್ ಹಚ್ಚಿದಳು.

“ಯಾರು?” ಎಂದಳು ಗಂಗವ್ವ.

“ನಾನಕ್ಕಾ, ನೀಲಾ. ಅರಾಮ ಅದಿಯೇನು?”

“ನೀಲಾ ಅಂತ ನಾ ಹೆಂಗ ನಂಬ್ಲಿ?”

“ಏನಕ್ಕಾ ಹಿಂಗಂತಿ? ಸಣ್ಣಾಕಿದ್ದಾಗ ನನ್ನ ಗುಬ್ಬಿ ಅಂತಿದ್ದಿ. ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಸಾಕೇನು?”

“ಅದನ್ನೂ ಆಕಿ ಗೊಂಬಿಗೆ ಕಲಿಸಿರಬಹುದು.”

“ನಾ ಯಾಕ ಕಲಿಸ್ಲಿ ಅಕ್ಕಾ?”

“ನನ್ನ ಎದೀ ಪೆಟ್ಟಿಗಿ ನಡೀಲಿ ಅಂತ ನಮ್ಮ ನೀಲಾ ಗೊಂಬಿಗೆ ಏನು ಬೇಕಾದ್ದು ಕಲಿಸ್ತಾಳ. ನಂಗ ಗೊತ್ತಿಲ್ಲೇನು?” ಗಂಗವ್ವ ದನಿ ತಗ್ಗಿಸಿದಳು. “ಸಿಟ್ಟಾಗಬ್ಯಾಡವಾ, ನೀ ಯಾರರೆ ಇರು. ಖರೇನ ನೀಲಾ ಇದ್ರ ಬಸ್ ಹತ್ತಿ ಬಾ. ಮುಖ ಮುಟ್ಟಿ ನೋಡಿ ಮಾತಾಡ್ತೀನಿ.”

ಫೋನಿನಲ್ಲಿ ಅಕ್ಕನ ಉಸಿರು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು, ಜಾಲದಲ್ಲಿ ಒಂದು ಚೂರೂ ತೊಡಕಿರಲಿಲ್ಲ. ನೀಲಾಂಬಿಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು.