ಹದಿನೈದು ದಿನದ ನಾಯಿ

ಮನಿಷಾ ಡಬ್ಬಿಯ ಮೇಲೆ ಕೈ ಇಟ್ಟಳು. ಅದೇ ಗಳಿಗೆಗೆ ಇನ್ನೊಂದು ಕೈಯೂ ಬಂದು ಅದರ ಮೇಲೆ ಕೂತಿತು.

ಗಂಡಸಿನ ಕೈ. ಬೆರಳ ತುದಿಗೆಲ್ಲ ಔಷಧದ ಕಂದು ಕಲೆ.

"ಇದು ನಂದರಿ," ಅಂದಳು ಅವಳು.

"ಇಲ್ರಿ. ಇದು ನಂದದ," ಅಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಕೈ ಮಾತ್ರ ಅಲ್ಲಾಡಲಿಲ್ಲ.

ಬೀದರಿನ ಕೊರಿಯರ್ ಆಫೀಸಿನ ಗೌಸೋದ್ದೀನ ಇಬ್ಬರ ಫೋನನ್ನೂ ಇಸಿದುಕೊಂಡು ನಂಬರ್ ತಾಳೆ ಹಾಕಿದ. ಎರಡರಲ್ಲೂ ಒಂದೇ ಪಾರ್ಸೆಲ್ ನಂಬರ್! ಜಪಾನಿನಿಂದ ಹಳೇ ಸಾಮಾನು ತರಿಸಿ ಮಾರುವ ಹೈದರಾಬಾದಿನ ಒಬ್ಬ ಆಸಾಮಿ, ಒಂದೇ ಯಂತ್ರದ ನಾಯಿಯನ್ನು ಇಬ್ಬರಿಗೆ ಮಾರಿ ಫೋನ್ ಬಂದ್ ಮಾಡಿಕೊಂಡು ಕೂತಿದ್ದ.

ಪೊಲೀಸರಿಗೆ ಹೇಳಬಹುದಿತ್ತು. ಆದರೆ ಹೇಳಿದರೆ ಡಬ್ಬಿ ಠಾಣೆಯ ಮೂಲೆ ಸೇರುತ್ತದೆ, ಹೊರಗೆ ಬರುವುದು ಎಂದೋ ಏನೋ ಎಂದು ಗೌಸೋದ್ದೀನ ಎಚ್ಚರಿಸಿದ. ಇಬ್ಬರೂ ಆ ಯೋಚನೆ ಬಿಟ್ಟರು.

"ನಿಮಗ ಯಾತಕ್ಕ ಬೇಕಾಗಿತ್ತರಿ ಇದು?" ಔಷಧದ ಕಲೆಯ ಕೈಯವನೇ ಮೊದಲು ಕೇಳಿದ.

ಅವಳು ಹೇಳಿದಳು. ಗಂಡ ಓಂಪ್ರಕಾಶ ಡೆಂಗೀ ಜ್ವರದಲ್ಲಿ ಹೋಗಿ ಐದು ವರ್ಷ. ಅಂದಿನಿಂದ ಭಾಲ್ಕಿಯ ಒಂದು ಬಾಡಿಗೆ ಮನೆಯ ಮಾಳಿಗೆಯಲ್ಲಿ ಅವಳು, ಅವಳ ಅತ್ತೆ ಸಖುಬಾಯಿ ಇಬ್ಬರೇ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅತ್ತೆ ಮೆಹಕರ ಹಳ್ಳಿಯಲ್ಲಿ ಹುಟ್ಟಿದಾಗಿನಿಂದ ಕುರಿ ಕಾಯ್ದ ಹೆಂಗಸು, ನಾಯಿ ಇಲ್ಲದೆ ಒಂದು ದಿನ ಕಳೆದವಳಲ್ಲ. ಈಗ ತೊಡೆಯ ಎಲುಬು ಮುರಿದು ಹಾಸಿಗೆ ಹಿಡಿದಿದ್ದಾಳೆ. ಮನೆ ಮಾಲಕರು ಪ್ರಾಣಿ ಸಾಕಲು ಬಿಡುವುದಿಲ್ಲ. ಮನಿಷಾ ಕೆಲಸಕ್ಕೆ ಹೋದಾಗ ಆ ಮುದುಕಿ ದಿನವಿಡೀ ಗೋಡೆ ನೋಡುತ್ತ ಮಲಗುತ್ತಾಳೆ.

ಅವನೂ ಹೇಳಿದ. ಹೆಸರು ಅನೀಲಕುಮಾರ. ಠಾಣಾ ಕುಶನೂರಿನ ಪಶು ಆಸ್ಪತ್ರೆಯಲ್ಲಿ ಸಹಾಯಕ. ಅವನ ಅಕ್ಕ ತೀರಿಕೊಂಡಳು, ಭಾವ ಬೇರೆ ಮದುವೆಯಾದ, ಅವರ ಏಳು ವರ್ಷದ ಮಗಳು ಸಿದ್ದೇಶ್ವರಿ, ಅವನ ಬಾಯಲ್ಲಿ ಸಿದ್ದು, ಈಗ ಅವನ ಹತ್ತಿರವೇ ಇದ್ದಾಳೆ. ಹೋದ ವರ್ಷ ಬೀದಿ ನಾಯಿ ಕಚ್ಚಿದ ಮೇಲೆ ಹುಡುಗಿ ಹೊಸ್ತಿಲು ದಾಟುತ್ತಿಲ್ಲ, ಶಾಲೆಗೆ ಹೋಗುತ್ತಿಲ್ಲ.

"ಊರ ನಾಯಿಗೆಲ್ಲ ಇಂಜೆಕ್ಷನ್ ಮಾಡ್ತೇನ್ರಿ ನಾ. ಮನ್ಯಾಗ ಒಂದು ಮರಿ ತರಲಾಕ ಆಗಲ್ಲ. ಚೀರತಾಳ. ಕಚ್ಚಲಾರದ ನಾಯಿ ಒಂದಿದ್ರ ಅಂಜಿಕಿ ಬಿಡಬಹುದು ಅನ್ನಿಸ್ತು..."

ಮನಿಷಾಳ ಕೈ ತಾನಾಗಿ ಡಬ್ಬಿಯಿಂದ ಹಿಂದೆ ಸರಿಯಿತು. ನೋಡಿದರೆ, ಅವನ ಕೈಯೂ ಸರಿದಿತ್ತು.

"ಹದಿನೈದು ದಿನ ಅವರ ಮನಿ, ಹದಿನೈದು ದಿನ ಇವರ ಮನಿ. ಮುಗೀತಲ್ಲರಿ," ಅಂದ ಗೌಸೋದ್ದೀನ.

ಹಾಗೆ ಒಂದು ನಾಯಿಗೆ ಎರಡು ಮನೆಗಳಾದವು.

ಮೊದಲ ಸರದಿ ಮನಿಷಾಳದು. ಬಿಳಿ ಮೈ, ಕಂದು ಕಿವಿ, ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಕ್ಯಾಮೆರಾ. ಕೊರಳ ಪಟ್ಟಿಯ ಮೇಲೆ ಯಾರೋ ಜಪಾನಿ ಅಕ್ಷರದಲ್ಲಿ ಬರೆದ ಹೆಸರು, ಅದು ಇಲ್ಲಿ ಯಾರಿಗೂ ಓದಲು ಬಾರದು. ಸಖುಬಾಯಿ ಅದನ್ನು ಎರಡು ದಿನ ಮೂಸಿಯೂ ನೋಡಲಿಲ್ಲ. ರೊಟ್ಟಿ ತಿನ್ನದ್ದು ಎಂಥ ನಾಯಿ ಎಂದು ಮುಖ ತಿರುವಿದಳು. ಮೂರನೇ ದಿನ ಮನಿಷಾ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಒಳಗಿನಿಂದ ಮಾತು ಕೇಳಿಸಿತು. ಅತ್ತೆ ಅದಕ್ಕೆ ಜಪಾನ್ಯಾ ಎಂದು ಹೆಸರಿಟ್ಟು, ಮೆಹಕರದ ಕುರಿಗಳನ್ನು ತೋಳದಿಂದ ಉಳಿಸಿದ ಕಥೆ ಹೇಳುತ್ತಿದ್ದಳು. ಮನಿಷಾ ಬಾಗಿಲ ಹೊರಗೇ ನಿಂತು ಕಣ್ಣು ಒರೆಸಿಕೊಂಡಳು.

ಅತ್ತೆಯನ್ನು ಬಿಟ್ಟು ಅವಳು ದೂರ ಹೋಗುವಂತಿರಲಿಲ್ಲ. ಅದಕ್ಕೆ ಕೊಡುವುದಕ್ಕೂ ಒಯ್ಯುವುದಕ್ಕೂ ಅನೀಲಕುಮಾರನೇ ಭಾಲ್ಕಿಯ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ. ಹದಿನೈದು ದಿನಕ್ಕೊಂದು ಐತವಾರ, ಅವಳ ರಜೆಯ ದಿನ.

ಮೊದಮೊದಲು ಐದು ನಿಮಿಷದ ಮಾತು. ಚಾರ್ಜ್ ಆಗಿದೆಯೋ, ಕಾಲು ಸರಿ ಎತ್ತುತ್ತದೋ, ಇಷ್ಟೇ. ಆಮೇಲೆ ಒಂದು ಚಹಾ. ಆಮೇಲೆ ಎರಡು. ಸಿದ್ದು ನಾಯಿಯನ್ನು ಮುಟ್ಟಿದಳು ಎಂದು ಒಮ್ಮೆ ಹೇಳಿದ. ಅದಕ್ಕೆ ಮೋತಿ ಎಂದು ಹೆಸರಿಟ್ಟಳು ಎಂದು ಇನ್ನೊಮ್ಮೆ. ಅದನ್ನು ಹಿಡಿದುಕೊಂಡು ಓಣಿಯ ತುದಿಯವರೆಗೆ ನಡೆದಳು ಎಂದು ಹೇಳಿದ ದಿನ ಅವನು ತಲೆ ಬಗ್ಗಿಸಿದ. ಚಹಾದ ಕಪ್ಪಿನೊಳಗೆ ನೋಡುತ್ತ ಕೂತ. ಮನಿಷಾಗೆ ಆ ಬಗ್ಗಿದ ತಲೆಯ ಮೇಲೆ ಕೈ ಇಡಬೇಕು ಅನ್ನಿಸಿತು...

ಏನಿದು? ಐದು ವರ್ಷದಿಂದ ಸುಮ್ಮನಿದ್ದ ಎದೆ ಇದು. ಈಗ ಯಾಕೆ ಹೀಗೆ?

ಅವನ ಬಸ್ಸು ಹೊರಟ ಮೇಲೆ ಎದುರಿಗೆ ಇನ್ನೂ ಹದಿನಾಲ್ಕು ದಿನ. ಅಂಗಡಿಯಲ್ಲಿ ಯಾರೋ ಠಾಣಾ ಕುಶನೂರಿನವರು ಎಂದರೆ ಸಾಕು, ಅವಳು ಅವರಿಗೆ ಮಾತ್ರೆಯನ್ನು ಎರಡೆರಡು ಸಲ ವಿವರಿಸಿ ಕೊಡುತ್ತಿದ್ದಳು. ಅವರ ಬಾಯಿಂದ ಅವನ ಹೆಸರೇನಾದರೂ ಬಂದೀತೆ ಎಂದು.

ದಸರೆಯ ನಂತರದ ಒಂದು ಐತವಾರ ಬೆಳಿಗ್ಗೆ, ಅತ್ತೆ ಮಲಗಿದ್ದಾಗ, ಮನಿಷಾ ಪೆಟ್ಟಿಗೆಯ ತಳದಿಂದ ಹಸಿರು ಸೀರೆ ತೆಗೆದಳು. ಉಟ್ಟಳು. ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡಳು. ತುಸು ನಕ್ಕಳು. ಆಮೇಲೆ ಏನೋ ತಪ್ಪು ಮಾಡಿದವಳಂತೆ ಗಡಿಬಿಡಿಯಲ್ಲಿ ಬಿಚ್ಚಿಟ್ಟು, ದಿನದ ಸೀರೆಯಲ್ಲೇ ನಾಯಿಯನ್ನು ಎತ್ತಿಕೊಂಡು ಹೋದಳು. ಅವನಿಗೆ ಕೊಟ್ಟು ಬಂದಳು.

ಹದಿನೈದು ದಿನದ ಮೇಲೆ ನಾಯಿ ತಂದ ಅನೀಲಕುಮಾರ ಬೇರೆಯವನಾಗಿದ್ದ. ಕಣ್ಣಿಗೆ ಕಣ್ಣು ಕೊಡಲಿಲ್ಲ. ಚಹಾ ಬೇಡವೆಂದ. ಮುಂದಿನ ಬಸ್ಸಿಗೇ ಹತ್ತಿದ.

ನನ್ನ ಮುಖದಲ್ಲಿ ಏನೋ ಕಂಡು ಬೇಡವೆಂದುಕೊಂಡನೇ? ಆ ಹದಿನೈದು ದಿನ ಮನಿಷಾ ಇದನ್ನೇ ನೂರು ಸಲ ಕೇಳಿಕೊಂಡಳು.

ಉತ್ತರ ಮುಂದಿನ ಭೇಟಿಯಲ್ಲಿ ಸಿಕ್ಕಿತು. ನಾಯಿ ಒಯ್ಯಲು ಬಂದ ಅನೀಲಕುಮಾರನ ಕೈ ಹಿಡಿದು ಸಿದ್ದು ಬಂದಿದ್ದಳು. ಎರಡು ಜಡೆ, ದೊಡ್ಡ ಕಣ್ಣು. ಬಸ್ ಸ್ಟ್ಯಾಂಡಿನ ನಾಯಿಗಳ ನಡುವೆ ಅಂಜದೆ ನಡೆದು ಬಂದಿದ್ದಳು. ಮನಿಷಾ ಅವಳನ್ನು ತಬ್ಬಿಕೊಳ್ಳಲು ಬಗ್ಗಿದಾಗ ಹುಡುಗಿ ನಗುತ್ತ ಅಂದಳು:

"ನಾ ನಿಮ್ಮನ್ನ ನೋಡೀನ್ರಿ. ನೀವು ಅಜ್ಜಿ ಬಾಜೂಕ ಕೂತು ನಿದ್ದಿ ಮಾಡ್ತೀರಿ. ಮಾಮಾನ ಫೋನಿನಾಗ ಅದ."

ಮನಿಷಾ ನಿಧಾನಕ್ಕೆ ಎದ್ದು ನಿಂತಳು.

ಅನೀಲಕುಮಾರ ಬಿಳಿಚಿಕೊಂಡಿದ್ದ. ತಡವರಿಸುತ್ತ ಹೇಳಿದ. ನಾಯಿ ತಾನಾಗಿ ಆಗಾಗ ಫೋಟೋ ತೆಗೆಯುತ್ತದೆ. ಅವಳ ಹಳೇ ಫೋನಿನಲ್ಲಿ ಅದರ ಆ್ಯಪ್ ನಡೆಯಲಿಲ್ಲ ಎಂದು ಮೊದಲ ದಿನವೇ ಅವನ ಫೋನಿಗೆ ಜೋಡಿಸಿದ್ದರಲ್ಲ, ಹಾಗಾಗಿ ನಾಯಿ ಅವನ ಮನೆ ಸೇರಿದ ಕೂಡಲೇ ಅಷ್ಟೂ ದಿನದ ಫೋಟೋ ಅವನ ಫೋನಿಗೆ ಇಳಿಯುತ್ತವೆ.

ಹಸಿರು ಸೀರೆ. ಕನ್ನಡಿ. ಅವಳ ಪಾದದ ಬಳಿಯೇ ಕೂತಿದ್ದ ನಾಯಿ...

ಅವಳ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಎರಡು ವಾರದ ಹಿಂದೆ ಅವನು ಕಣ್ಣು ತಪ್ಪಿಸಿದ್ದು ಇದಕ್ಕೇ!

"ಯಾವಾಗಿಂದ ಗೊತ್ತದ ನಿಮಗ?"

"ಮೊದಲಿಂದರಿ."

"ಒಂದು ಮಾತು ಹೇಳಬೇಕು ಅನ್ನಿಸಲಿಲ್ಲ?"

ಅವಳು ನಾಯಿಯನ್ನು ಅವನ ಕೈಗೆ ತುರುಕಿದಳು.

"ಇದು ನಿಮ್ಮ ಹತ್ರಾನೇ ಇರಲಿ. ಇನ್ನ ಬರಬ್ಯಾಡ್ರಿ."

ಸಿದ್ದು ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ಅಳತೊಡಗಿದಳು. ಮನಿಷಾ ಅವಳ ಕೆನ್ನೆ ಮುಟ್ಟಿ, ತಿರುಗಿ ನೋಡದೆ ನಡೆದುಬಿಟ್ಟಳು.

ಅತ್ತೆಗೆ, ನಾಯಿ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದಳು. ಸಖುಬಾಯಿ ಮತ್ತೆ ಗೋಡೆಯ ಕಡೆ ಹೊರಳಿದಳು.

ಸಿಟ್ಟು ಒಂದು ವಾರ ಗಟ್ಟಿಯಾಗಿ ನಿಂತಿತು. ಆಮೇಲೆ ಅದರ ಅಡಿಯಿಂದ ಇನ್ನೇನೋ ಮೇಲೆ ಬಂತು. ಹದಿನೈದನೇ ದಿನದ ಐತವಾರ ಅವಳಿಗೇ ತಿಳಿಯದಂತೆ ಕಾಲುಗಳು ಅವಳನ್ನು ಬಸ್ ಸ್ಟ್ಯಾಂಡಿಗೆ ಎಳೆದೊಯ್ದವು. ಠಾಣಾ ಕುಶನೂರ ಬಸ್ಸು ಬಂತು. ಕೊನೆಯ ಪ್ಯಾಸೆಂಜರ್ ಇಳಿಯುವವರೆಗೂ ನಿಂತಳು. ಅವನಿರಲಿಲ್ಲ. ಬರಬೇಡ ಎಂದವಳು ತಾನೇ ಅಲ್ಲವೇ? ಮತ್ತೆ ಹದಿನೈದು ದಿನ ಕಳೆದ ಮೇಲೂ ಹೋಗಿ ನಿಂತಳು. ಅಂದೂ ಅವನಿಲ್ಲ.

ಡಿಸೆಂಬರಿನ ನಡುವೆ ಒಂದು ದಿನ ಬಸ್ಸಿನ ಕಂಡಕ್ಟರ್ ಔಷಧಿ ಅಂಗಡಿಗೆ ಒಂದು ಡಬ್ಬಿ ತಂದುಕೊಟ್ಟ. ಒಳಗೆ ನಾಯಿ. ಅದರ ಪಕ್ಕದಲ್ಲಿ ಸಿಮ್ ತೆಗೆದ ಅನೀಲಕುಮಾರನ ಫೋನು, ಒಂದು ಚೀಟಿ.

"ಮನಿಷಾ ಅವರಿಗೆ. ಮೊದಲ ಫೋಟೋ ತಿಳೀದೆ ನೋಡಿದೆ. ಆಮ್ಯಾಲಿಂದು ತಿಳಿದು ತಿಳಿದು ನೋಡಿದೆ. ಹೇಳಿದ್ರ ನೀವು ಬರೂದು ಬಿಡ್ತೀರಿ ಅಂತ ಅಂಜಿಕಿ. ಹಸಿರು ಸೀರಿದು ಕಂಡ ದಿನ, ಇದು ನಾ ನೋಡೂದಲ್ಲ ಅಂತ ತಿಳೀತು. ಅಂದೇ ನೋಡೂದು ಬಂದ್ ಮಾಡಿದೆ. ಅಂದೇ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ಅದು ಕಂಡದ್ದೆಲ್ಲ ಈ ಫೋನಿನಾಗೇ ಅದ. ನನ್ನ ಹತ್ರ ಏನೂ ಇಟ್ಕೊಂಡಿಲ್ಲ. ಸಿದ್ದು ಈಗ ಸಾಲಿಗೆ ಹೋಗ್ತಾಳ. ನಾಯಿ ಅಜ್ಜಿಗೆ ಇರಲಿ. ಮಾಫಿ ಕೇಳೂ ಮಾರಿ ನನಗಿಲ್ಲ. ಅನೀಲಕುಮಾರ."

ರಜೆಯ ದಿನ ಮಧ್ಯಾಹ್ನ, ಸಖುಬಾಯಿ ಜಪಾನ್ಯಾನ ಬೆನ್ನು ಸವರುತ್ತಿದ್ದಾಗ, ಮನಿಷಾ ಆ ಫೋನು ತೆರೆದಳು.

ಅವಳ ಮನೆಯ ಚಿತ್ರಗಳಿದ್ದವು. ನೋಡಿದಳು, ನಾಚಿದಳು. ಆಮೇಲೆ ಅವನ ಮನೆಯ ಚಿತ್ರಗಳು ಬಂದವು. ನೆಲದ ಎತ್ತರದಿಂದ ಕಂಡ ಮನೆ. ಚಪ್ಪಲಿಗಳು, ಮಂಚದ ಕಾಲು, ದೂರ ನಿಂತ ಸಿದ್ದು, ಹತ್ತಿರ ಬಂದ ಸಿದ್ದು, ಕ್ಯಾಮೆರಾದ ತುಂಬ ಸಿದ್ದುವಿನ ಅಂಗೈ. ಮತ್ತೆ ಅವನು. ಒದ್ದೆ ಬಟ್ಟೆಯಿಂದ ನಾಯಿಯ ಪಾದ ಒರೆಸುತ್ತಿರುವವನು. ನೆಲದ ಮೇಲೆ ಕೂತು ಅಂಗಿಗೆ ಇಸ್ತ್ರಿ ಮಾಡುತ್ತಿರುವವನು. ತಾರೀಖು ನೋಡಿದಳು, ಶನಿವಾರ. ಇನ್ನೊಂದು, ಅದೂ ಶನಿವಾರ. ಮರುದಿನ ಬಸ್ ಸ್ಟ್ಯಾಂಡಿಗೆ ನಾಯಿ ತರಬೇಕಾದ ಪ್ರತಿ ಶನಿವಾರ ಅದೇ ನೀಲಿ ಅಂಗಿ, ಅದೇ ಇಸ್ತ್ರಿ!

ಒಂದರಲ್ಲಿ ಅವನು ನೇರ ನಾಯಿಯ ಮುಖಕ್ಕೇ ನೋಡುತ್ತಿದ್ದ. ಈ ಕಣ್ಣು ನಿನ್ನೆಯವರೆಗೆ ಅವಳನ್ನು ಕಂಡಿದೆ ಎಂಬ ಅಸೂಯೆ ಆ ನೋಟದಲ್ಲಿತ್ತು. ಆ ಮುಖವನ್ನು ಅವನು ಅವಳೆದುರು ಒಮ್ಮೆಯೂ ತೋರಿಸಿರಲಿಲ್ಲ.

"ಯಾರ ಮಾರಿ ನೋಡಿ ಅಳ್ಲತ್ತಿ?" ಅತ್ತೆಯ ದನಿ.

"ಯಾರೂ ಇಲ್ಲ, ಅತ್ತಿ."

"ನನ್ನ ಕಾಲು ಮುರದದ, ಕಣ್ಣು ಮುರದಿಲ್ಲ." ಸಖುಬಾಯಿ ಅವಳ ಕಡೆ ಮುಖ ತಿರುಗಿಸಿದಳು. ಮತ್ತೆ ಮಾತಾಡಿದಾಗ ದನಿ ಮೆತ್ತಗಾಗಿತ್ತು. "ಓಂಪ್ರಕಾಶ ನನ್ನ ಮಗ. ಅಂವ ಹೋಗ್ಯಾನ. ನೀ ಹೋಗಿಲ್ಲವಾ. ಎಳ್ಳಮಾಸಿ ಬಂತು, ಎಲ್ಲಾರೂ ಹೊಲಕ್ಕ ಹೋಗ್ತಾರ. ನಮಗ ಹೊಲ ಇಲ್ಲ. ಇದ್ದವರ ಹೊಲಕ್ಕ, ಈ ನಾಯಿ ಕಳಿಸಿದವರ ಹೊಲಕ್ಕ ಹೋಗಿ ಬಾ."

ಹಾಗೆನ್ನುವಾಗ ಆ ಮುದುಕಿಯ ಕೈ ನಾಯಿಯ ಕೊರಳ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಸೊಸೆ ಹೋದರೆ ತನಗೆ ಯಾರು ಎಂಬುದು ಅವಳಿಗೂ ಗೊತ್ತಿತ್ತು.

ಎಳ್ಳ ಅಮಾವಾಸ್ಯೆಯ ದಿನ ಕೆಳಮನೆಯ ಅರ್ಶಿಯಾಳನ್ನು ಅತ್ತೆಯ ಹತ್ತಿರ ಕೂರಿಸಿ ಮನಿಷಾ ಬಸ್ಸು ಹತ್ತಿದಳು. ಠಾಣಾ ಕುಶನೂರಿನಲ್ಲಿ ಮನೆಗಳೆಲ್ಲ ಖಾಲಿ, ಊರಿಗೆ ಊರೇ ಹೊಲದಲ್ಲಿತ್ತು. ಕೇಳುತ್ತ ಕೇಳುತ್ತ ನಡೆದಳು. ಎದೆಯೆತ್ತರದ ಜೋಳದ ನಡುವೆ ಮೊದಲು ಅವಳನ್ನು ಕಂಡದ್ದು ಸಿದ್ದು. ಓಡಿ ಬಂದು ಸೊಂಟ ತಬ್ಬಿದಳು. ಅವಳ ಹಿಂದೆ ನಿಜವಾದ ಒಂದು ನಾಯಿಮರಿ ಬಾಲ ಅಲ್ಲಾಡಿಸುತ್ತ ಬಂತು.

ಬನ್ನಿ ಮರದ ಕೆಳಗೆ ಕಾಳು ತರಕಾರಿಯ ಭಜ್ಜಿಯ ಪಾತ್ರೆ ಇಳಿಸುತ್ತಿದ್ದ ಅನೀಲಕುಮಾರ ಹಾಗೇ ನಿಂತ. ನೆಂಟರಿಷ್ಟರು ಆಚೆ ಬದುವಿನ ಹತ್ತಿರ ಊಟಕ್ಕೆ ಕೂತಿದ್ದರು.

"ಮಾಫಿ ಮಾಡೀನಿ ಅಂತ ಹೇಳ್ಲಾಕ ಬಂದಿಲ್ರಿ," ಅಂದಳು ಮನಿಷಾ. "ಸಿಟ್ಟು ಇನ್ನೂ ಅದ."

ಅವನು ತಲೆಯಾಡಿಸಿದ.

"ಆದ್ರ ನಾ ಎರಡು ಐತವಾರ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ."

"ಬರಬ್ಯಾಡ ಅಂದಿದ್ರಿ..."

"ಅಂದಿದ್ದೆ. ಆದ್ರೂ ನಿಂತೆ."

ಅವನ ಕಣ್ಣು ತುಂಬಿ ಬಂತು. ಆ ಎರಡೂ ಐತವಾರ ತಾನೂ ಹೊರಡಲು ತಯಾರಾಗಿ, ಬಸ್ಸು ಹೋಗುವವರೆಗೂ ಇದೇ ಮರದ ಕೆಳಗೆ ಕೂತಿದ್ದೆ ಎಂದ. ನೋಡಬಾರದ್ದನ್ನು ನೋಡಿದೆ, ಆದರೆ ನೋಡದೆ ಇರುವುದನ್ನು ಇನ್ನೂ ಕಲಿಯಲಾಗಿಲ್ಲ ಎಂದ.

"ಇನ್ನ ಮ್ಯಾಲ ನನ್ನ ನೋಡೂದಿದ್ರ ಎದುರಿಗಿ ನಿಂತು ನೋಡ್ರಿ," ಅಂದಳು ಅವಳು.

ಅವನು ನೋಡಿದ. ತುಂಬ ಹೊತ್ತು. ಈ ಸಲ ಕಣ್ಣು ತಪ್ಪಿಸಿದವಳು ಮನಿಷಾ. ಅವಳ ಮನಸ್ಸಿಗೆ ಕೊರಳ ಪಟ್ಟಿ ಹಿಡಿದ ಆ ಮುದಿ ಕೈ ನೆನಪಾಗಿತ್ತು.

"ಅತ್ತೀನ ಬಿಟ್ಟು ನಾ ಎಲ್ಲೂ ಬರಾಂಗಿಲ್ರಿ. ಅದು ಮೊದಲೇ ಹೇಳ್ತೇನಿ."

"ಬಿಟ್ಟು ಬರ್ರಿ ಅಂತ ನಾ ಹ್ಯಾಂಗ ಕೇಳ್ಲಿ? ಸಿದ್ದುನ ಬಿಟ್ಟು ಬಾ ಅಂದ ಹೆಣ್ಣಿನ ಮನಿಯವರಿಗೆಲ್ಲ ನಾನೇ ಒಲ್ಲೆ ಅಂದೀನಿ. ನಮ್ಮದು ನೆಲದ ಮ್ಯಾಲಿನ ಮನಿ. ಮೆಟ್ಟಲಾ ಇಲ್ಲ, ಬ್ಯಾಡ ಅನ್ನೂ ಮಾಲಕರಿಲ್ಲ. ಹಿತ್ತಲದಾಗ ಕುರಿನೂ ಅವ."

ಮನಿಷಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೂ ತಿಳಿಯಲಿಲ್ಲ.

"ಬರೂ ಐತವಾರ ನಾ ಭಾಲ್ಕಿಗಿ ಬರ್ಲಿ?" ಅವನು ಮೆಲ್ಲಗೆ ಕೇಳಿದ.

"ನಾಯಿ ನಮ್ಮನ್ಯಾಗೇ ಇರಲಿ ಅಂತ ನೀವೇ ಬರದೀರಿ. ಇನ್ನೇನು ಒಯ್ಲಾಕ ಬರ್ತೀರಿ?"

"ಒಯ್ಲಾಕ ಅಲ್ರಿ. ನಿಮ್ಮ ಅತ್ತೀನ ಒಂದು ಮಾತು ಕೇಳ್ಲಾಕ."

ಮನಿಷಾ ಬಗ್ಗಿ, ಊಟದ ಬುಟ್ಟಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದು ಎರಡು ಭಾಗ ಮಾಡಿದಳು. ಒಂದನ್ನು ಅವನ ಕೈಗಿಟ್ಟಳು.

"ಅತ್ತಿಗಿ ಸಜ್ಜಿ ರೊಟ್ಟಿ ಅಂದ್ರ ಜೀವ," ಅಂದಳು. "ಬರಗೈಲೆ ಬರಬ್ಯಾಡ್ರಿ."